ಸ್ಪಂಜಣ್ಣನ ಮೆತ್ತನೆಯ ಮನೆ

ಈ ಕ್ಲಿನಿಕ್ಕಿನ ಡ್ರೆಸಿಂಗ್ ರೂಮಿಗೆ ನಾನು ನರ್ಸಾಗಿ ಸೇರಿ ಇಪ್ಪತ್ತೆರಡು ವರ್ಷವಾಯಿತು. ನಮ್ಮ ಬೀದಿಯ ಅರ್ಧ ಜನರ ಮೊಣಕಾಲು ನನಗೆ ಅವರ ಮುಖಕ್ಕಿಂತ ಚೆನ್ನಾಗಿ ಗೊತ್ತು. ನನ್ನ ಬಾಯಿ ಜೋರು ಎಂದು ಊರೆಲ್ಲ ಹೆಸರಾಗಿದೆ. ಆಗಲಿ, ಗಾಯ ತೊಳೆಯುವವಳು ಜೋಗುಳ ಹಾಡುತ್ತ ಕೂತರೆ ಹೊರಗಿನ ಸಾಲು ಕರಗುವುದು ಯಾವಾಗ? ಮಕ್ಕಳು ಬೀಳುತ್ತವೆ, ಏಳುತ್ತವೆ, ಅದು ಅವುಗಳ ಕಸುಬು. ನನಗೆ ತಲೆ ಕೆಡುವುದು ಅವುಗಳನ್ನು ಎತ್ತಿಕೊಂಡು ಓಡಿ ಬರುವ ದೊಡ್ಡವರಿಂದ. ಮಗು ಆಗಲೇ ಅಳು ನಿಲ್ಲಿಸಿ ಫ್ಯಾನು ನೋಡುತ್ತಿರುತ್ತದೆ, ಅಪ್ಪ ಇನ್ನೂ ಗೋಳಾಡುತ್ತಿರುತ್ತಾನೆ. ಅಂಥ ಅಪ್ಪಂದಿರಲ್ಲಿ ಮೊದಲನೇ ಸ್ಥಾನ ಎದುರು ಅಂಗಡಿಯ ಸ್ಪಂಜಣ್ಣನದು.

ಹೆತ್ತವರು ಇಟ್ಟ ಹೆಸರು ಬೇರೆ ಇದೆ, ಆದರೆ ಆ ಹೆಸರಿನಿಂದ ಕರೆದರೆ ಅವನೇ ಹಿಂದೆ ತಿರುಗಿ ಯಾರನ್ನು ಕರೆದರು ಎಂದು ನೋಡುತ್ತಾನೆ. ಸೋಫಾ, ಕುರ್ಚಿ, ಬಸ್ಸಿನ ಸೀಟು, ಯಾವುದರ ಹೊಟ್ಟೆ ಹರಿದು ಸ್ಪಂಜು ಹೊರಗೆ ಬಂದರೂ ಅವನ ಅಂಗಡಿಗೇ ಬರಬೇಕು. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಬಾಗಿಲು. ಕಾಲರಿನಲ್ಲಿ ಸದಾ ಒಂದು ಬಾಗಿದ ಸೂಜಿ ಸಿಕ್ಕಿಸಿಕೊಂಡಿರುತ್ತಾನೆ, ತಲೆಯ ತುಂಬ ಸ್ಪಂಜಿನ ಪುಡಿ. ಹೆಂಡತಿ ಸಿಟಿ ಬಸ್ಸಿನಲ್ಲಿ ಕಂಡಕ್ಟರು. ಬೆಳಕು ಹರಿಯುವ ಮೊದಲೇ ಮನೆ ಬಿಟ್ಟರೆ ತಿರುಗಿ ಬರುವುದು ಸಂಜೆ ನಾಲ್ಕಕ್ಕೆ. ಅಲ್ಲಿಯವರೆಗೆ ಮಕ್ಕಳಿಬ್ಬರೂ ಅಪ್ಪನ ಪಾಲು.

ದೊಡ್ಡವಳಿಗೆ ಐದು ವರ್ಷ. ಅವಳಿಗೆ ರೇಡಿಯೋ ಎಂದು ಹೆಸರಿಟ್ಟವಳು ನಾನೇ. ಮಧ್ಯಾಹ್ನ ಶಾಲೆ ಮುಗಿಸಿ ಬಂದರೆ ಮನೆಯಲ್ಲಿ ಏನೇನು ನಡೆಯಿತೋ ಅದನ್ನೆಲ್ಲ ಒಂದಕ್ಷರ ಬಿಡದೆ ಸಂಜೆ ಅಮ್ಮನಿಗೆ ಬಿತ್ತರಿಸುತ್ತಾಳೆ. ಚಿಕ್ಕವನಿಗೆ ಮೂರು ವರ್ಷ, ಅವನು ಬುಗುರಿ. ಎದ್ದ ಗಳಿಗೆಯಿಂದ ತಿರುಗಲು ಶುರು ಮಾಡಿದರೆ ನಿಲ್ಲುವುದು ಯಾವುದಕ್ಕಾದರೂ ಬಡಿದ ಮೇಲೆಯೇ. ಬಾಗಿಲ ಸಂದಿಗೆ ಬೆರಳು, ನಲ್ಲಿಗೆ ತಲೆ, ಹೊಸಿಲಿಗೆ ಹಲ್ಲು, ಹೀಗೆ ಅವನು ಮನೆಯ ಒಂದೊಂದು ವಸ್ತುವಿಗೂ ಮೈಯ ಒಂದೊಂದು ಭಾಗವನ್ನು ಹಂಚಿಕೊಟ್ಟಿದ್ದ.

ಮೊದಲ ಸಲ ಅವನ ಗಲ್ಲಕ್ಕೆ ಎರಡು ಹೊಲಿಗೆ ಬಿದ್ದ ದಿನ ನನಗೆ ಚೆನ್ನಾಗಿ ನೆನಪಿದೆ. ಡಾಕ್ಟರು ಸೂಜಿ ಕೈಗೆ ತೆಗೆದುಕೊಂಡರು, ಬುಗುರಿ ಬಾಯಿ ತೆರೆದ, ಹಿಂದಿನಿಂದ ದೊಪ್ಪೆಂದು ಸದ್ದಾಯಿತು. ತಿರುಗಿ ನೋಡಿದರೆ ಸ್ಪಂಜಣ್ಣ ನೆಲದ ಮೇಲೆ. ದಿನಕ್ಕೆ ಸಾವಿರ ಹೊಲಿಗೆ ಹಾಕುವ ಮನುಷ್ಯ! ಮಗನಿಗೆ ಎರಡು ಹೊಲಿಗೆ, ಅಪ್ಪನ ತಲೆಗೆ ಒಂದು ಬುಗುಟು. ಅವನನ್ನು ಬೆಂಚಿನ ಮೇಲೆ ಮಲಗಿಸಿ ಮುಖಕ್ಕೆ ನೀರು ಚಿಮುಕಿಸುವುದರೊಳಗೆ ಮಗು ನನ್ನ ಹತ್ತಿಯ ಡಬ್ಬಿ ಖಾಲಿ ಮಾಡಿತ್ತು.

"ರೆಕ್ಸಿನ್ನಿಗಾದ್ರೆ ಚುಚ್ಚಬಹುದು ಸಿಸ್ಟರ್, ಅದು ಕಿರುಚಲ್ಲ" ಎಂದ ಕಣ್ಣು ಬಿಟ್ಟವನೇ.

ಅದಾದ ಮೇಲೆ ಸಣ್ಣಪುಟ್ಟ ಗಾಯಗಳನ್ನು ತಾನೇ ನೋಡಿಕೊಳ್ಳುತ್ತೇನೆ ಎಂದು ಹೊರಟ. ಒಂದು ದಿನ ಮಗನನ್ನು ಎತ್ತಿಕೊಂಡು ಕಳ್ಳನ ಹಾಗೆ ನನ್ನ ರೂಮಿನೊಳಗೆ ನುಸುಳಿದ. ಬುಗುರಿಯ ಮೊಣಕಾಲ ಮೇಲೆ ಬಟ್ಟೆಯ ಪಟ್ಟಿ ಇತ್ತು, ನೋಡಲು ಅಚ್ಚುಕಟ್ಟಾಗಿಯೇ ಇತ್ತು. ಬಿಚ್ಚಲು ಹೋದರೆ ಬರಲೊಲ್ಲದು.

"ಏನು ಹಾಕಿ ಅಂಟಿಸಿದೀಯಪ್ಪ ಇದನ್ನ?"

"ಬೆವರಿಗೆ ಪ್ಲಾಸ್ಟರ್ ನಿಲ್ತಾ ಇರ್ಲಿಲ್ಲ ಸಿಸ್ಟರ್. ಅದಕ್ಕೆ ಸುತ್ತ ಅಂಚಿಗೆ ಮಾತ್ರ ಸ್ವಲ್ಪ..."

"ಸ್ವಲ್ಪ ಏನು?"

"ನಮ್ಮ ಸೀಟಿನ ಗಮ್ಮು."

ಬಸ್ಸಿನ ಸೀಟಿನ ಮೇಲೆ ದಿನಕ್ಕೆ ಐನೂರು ಜನ ಕೂತೆದ್ದರೂ ಏಳದ ಗಮ್ಮು ಅದು. ಎಣ್ಣೆ ಹಚ್ಚಿ, ಬಿಸಿನೀರು ಹಾಕಿ, ಒಂದು ಗಂಟೆ ಕಾಲ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಬಿಡಿಸಿದೆ. ಅಷ್ಟು ಹೊತ್ತೂ ಅವನನ್ನು ಬೈದೆ, ಬೈಗುಳ ಮುಗಿದ ಮೇಲೆ ಮೊದಲಿನಿಂದ ಶುರು ಮಾಡಿ ಇನ್ನೊಮ್ಮೆ ಬೈದೆ. ಅವನು ತಲೆ ತಗ್ಗಿಸಿ ನಿಂತಿದ್ದ. ಮನೆಯಲ್ಲಿ ಹೇಳಬೇಡಿ ಎಂದು ಕೈ ಮುಗಿದ. ನಾನು ಹೇಳಲಿಲ್ಲ. ಹೇಳುವುದಕ್ಕೆ ರೇಡಿಯೋ ಇರಲಿಲ್ಲವೇ!

ಮುಂದಿನ ತಿಂಗಳು ಬುಗುರಿ ಮೇಜಿನ ಮೂಲೆಗೆ ತಲೆ ಬಡಿಸಿಕೊಂಡು ಮತ್ತೆ ಎರಡು ಹೊಲಿಗೆ ಹಾಕಿಸಿಕೊಂಡ. ಸುದ್ದಿ ಫೋನಿನಲ್ಲಿ ಪಕ್ಕದೂರಿನ ಅಜ್ಜಿಗೆ, ಅಂದರೆ ಸ್ಪಂಜಣ್ಣನ ಅತ್ತೆಗೆ ಮುಟ್ಟಿತು. ಆಕೆ ಐದು ಮಕ್ಕಳನ್ನು ಸಾಕಿದ ಹೆಂಗಸು, ಮಾತು ಒಂದೇ ಏಟು ಎರಡೇ ತುಂಡು. "ಗಂಡಸಿನ ಕೈಗೆ ಮಕ್ಕಳನ್ನ ಕೊಟ್ರೆ ಇನ್ನೇನಾಗುತ್ತೆ? ಇನ್ನೊಂದೇ ಒಂದು ಹೊಲಿಗೆ ಬೀಳ್ಲಿ, ಇಬ್ರನ್ನೂ ಕರ್ಕೊಂಡು ಹೋಗ್ತೀನಿ. ಚಿಕ್ಕವನು ಶಾಲೆಗೆ ಸೇರೋವರ್ಗೂ ನನ್ನ ಹತ್ರ ಇರ್ಲಿ" ಎಂದರಂತೆ. ಮಗಳು ಹೂಂ ಅನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ. ದಿನವಿಡೀ ಬಸ್ಸಿನಲ್ಲಿ ನಿಂತು, ಪ್ರತಿ ಸಲ ಫೋನು ರಿಂಗಾದಾಗಲೂ ಎದೆ ಹಿಡಿದುಕೊಳ್ಳುವ ತಾಯಿ ಅವಳು. ಅವಳನ್ನು ಹೇಗೆ ದೂರುವುದು?

ಆ ಸಂಜೆ ಸ್ಪಂಜಣ್ಣ ಕ್ಲಿನಿಕ್ಕಿಗೆ ಒಬ್ಬನೇ ಬಂದ. ಗಾಯ ಎಲ್ಲಿ ಎಂದು ಕೇಳಿದೆ.

"ಗಾಯ ಇಲ್ಲ ಸಿಸ್ಟರ್. ಎರಡು ವರ್ಷ ಅಂತೆ. ಎರಡು ವರ್ಷ ಮಕ್ಕಳಿಲ್ದೆ ನಾನು ಆ ಅಂಗಡೀಲಿ ಏನು ಮಾಡ್ಲಿ? ಹೊಲಿಗೆ ಮಷೀನು ನಿಲ್ಸಿದ ತಕ್ಷಣ ಅವರ ಗಲಾಟೆ ಕೇಳ್ಬೇಕು ನಂಗೆ. ಗಲಾಟೆ ಕೇಳಿಸ್ಲಿಲ್ಲ ಅಂದ್ರೆ ಕೈ ಓಡಲ್ಲ" ಎಂದ.

ಅವನನ್ನು ಬೆಂಚಿನ ಮೇಲೆ ಕೂರಿಸಿ ಒಂದು ಲೋಟ ನೀರು ಕೊಟ್ಟೆ. ಆದರೂ ಬಿಡದೆ, "ಹಂಗಾದ್ರೆ ಕಣ್ಣಿಟ್ಟು ನೋಡ್ಕೋ" ಎಂದು ಗದರಿಯೇ ಕಳಿಸಿದೆ. ಅವನು ಕಣ್ಣಿಡಲಿಲ್ಲ, ಸ್ಪಂಜು ಇಟ್ಟ. ತನಗೆ ಬರುವ ಕೆಲಸವನ್ನು ತಾನೇ ಮನುಷ್ಯ ಮಾಡುವುದು.

ಒಂದು ವಾರ ಅವನ ಅಂಗಡಿಯಲ್ಲಿ ಗಿರಾಕಿಗಳ ಕೆಲಸ ಕದಲಲಿಲ್ಲ. ಮೇಜಿನ ನಾಲ್ಕು ಮೂಲೆಗೆ ಸ್ಪಂಜು, ಅದರ ಮೇಲೆ ಕಂದು ರೆಕ್ಸಿನ್ನು. ಮಂಚದ ಕಾಲಿಗೆ, ಕಪಾಟಿನ ಅಂಚಿಗೆ, ಹೊಸಿಲಿಗೆ, ಗೋಡೆಗಳು ಕೂಡುವ ಕಡೆಗಳಿಗೆ, ಕೊನೆಗೆ ಬಚ್ಚಲಿನ ನಲ್ಲಿಗೂ ಒಂದು ಟೊಪ್ಪಿಗೆ. ಕೈ ಸುಮ್ಮನಿರಬೇಕಲ್ಲ, ನಡುನಡುವೆ ಸೋಫಾಕ್ಕೆ ಹಾಕುವಂಥ ಗುಂಡಿಗಳನ್ನೂ ಕೂರಿಸಿದ್ದ. ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದ. ಸೋಫಾದ ಹೊಟ್ಟೆಯೊಳಗೆ ಹೊಕ್ಕ ಹಾಗಾಯಿತು ನನಗೆ. ಕಪಾಟಿನ ಬಾಗಿಲು ದಪ್ಪಗಾಗಿ ಮುಚ್ಚುತ್ತಿರಲಿಲ್ಲ.

"ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಗೊಂಡ್ರಂತೆ. ಹೋಗ್ಲಿ, ಬೀದಿಗೂ ಸ್ಪಂಜು ಹಾಕ್ತೀಯಾ?" ಎಂದೆ.

"ಬೀದಿಗೆ ಪಂಚಾಯ್ತಿಯವರು ಒಪ್ಪಬೇಕಲ್ಲ ಸಿಸ್ಟರ್" ಎಂದ. ತಮಾಷೆಗೆ ಹೇಳಿದನೋ ನಿಜಕ್ಕೂ ಹೋಗಿ ವಿಚಾರಿಸಿದ್ದನೋ ನನಗೆ ಇವತ್ತಿಗೂ ಗೊತ್ತಿಲ್ಲ.

ಒಂದು ತಿಂಗಳು ಬುಗುರಿ ನನ್ನ ಕಡೆ ಸುಳಿಯಲಿಲ್ಲ. ಸ್ಪಂಜಣ್ಣ ಎದೆಯುಬ್ಬಿಸಿಕೊಂಡು ತಿರುಗಿದ. ನಾನು ನನ್ನ ಮಾತನ್ನು ವಾಪಸು ತೆಗೆದುಕೊಳ್ಳಲು ತಯಾರಾಗಿದ್ದೆ. ಆದರೆ ಒಂದು ಮಧ್ಯಾಹ್ನ ಅವರ ಮನೆಯ ಕಿಟಕಿಯ ಹತ್ತಿರ ಹಾದು ಹೋಗುವಾಗ ಒಳಗೆ ಧುಪ್ ಧುಪ್ ಎಂದು ಸದ್ದು. ಇಣುಕಿದರೆ ಮಕ್ಕಳಿಬ್ಬರೂ ಹೊಸ ಆಟ ಕಟ್ಟಿದ್ದರು. ಅದರ ಹೆಸರು ಟಗರು. ಕೋಣೆಯ ಆ ತುದಿಯಿಂದ ತಲೆ ಬಗ್ಗಿಸಿ ಓಡಿ ಬರುವುದು, ಮೇಜಿನ ಮೂಲೆಗೆ ಹಣೆ ಕೊಟ್ಟು ಗುದ್ದುವುದು. ಸ್ಪಂಜು ಒಳಗೆ ಹೋಗಿ ಹೊರಗೆ ತಳ್ಳುತ್ತದೆ, ಟಗರು ಹಿಂದಕ್ಕೆ ಬಿದ್ದು ಕೇಕೆ ಹಾಕುತ್ತದೆ. ರೇಡಿಯೋ ಎಣಿಸುತ್ತಿದ್ದಳು. ಬುಗುರಿ ಹದಿನಾಲ್ಕನೇ ಸಲ ಗುದ್ದಿದ.

ನಾನು ಸೀದಾ ಅಂಗಡಿಗೆ ಹೋದೆ. "ಏನಯ್ಯಾ, ಮೂಲೆ ಕಂಡ್ರೆ ಮಕ್ಕಳು ಹೆದರ್ಬೇಕು. ನಿನ್ನ ಮಗ ಮೂಲೆ ಕಂಡ್ರೆ ನುಗ್ತಾನೆ!"

"ನುಗ್ಗಲಿ ಬಿಡಿ, ಮೆತ್ತಗಿದೆಯಲ್ಲ" ಎಂದ, ಮಷೀನಿನಿಂದ ತಲೆ ಎತ್ತದೆ. ಹೇಳಿದ್ದು ನನ್ನ ತಪ್ಪು ಎಂದುಕೊಂಡು ಹಿಂತಿರುಗಿದೆ.

ಆ ವಾರವೇ ಅಜ್ಜಿ ಬಂದಿಳಿದರು. ಎರಡು ದಿನ ಇದ್ದು ಹೋಗುತ್ತೇನೆ ಎಂದರು. ಎರಡು ದಿನಕ್ಕೆ ಎರಡು ಸೀರೆ ಸಾಕು, ಆದರೆ ಆಕೆಯ ಜತೆಗೆ ಬಂದದ್ದು ಒಬ್ಬ ಮನುಷ್ಯ ಒಳಗೆ ಮಲಗಬಹುದಾದಷ್ಟು ದೊಡ್ಡ ಕಬ್ಬಿಣದ ಪೆಟ್ಟಿಗೆ. ಸ್ಪಂಜಣ್ಣ ಅದನ್ನು ಬಸ್ಸಿನಿಂದ ಇಳಿಸಿಕೊಳ್ಳುವಾಗಲೇ ಒಳಗೆ ಏನೂ ಇಲ್ಲದೆ ಢಣಢಣ ಎಂದಿತಂತೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವ ಸ್ಥಿತಿ ಅವನದು, ಖಾಲಿ ಪೆಟ್ಟಿಗೆ ಯಾರ ಬಟ್ಟೆಗಾಗಿ ಬಂದಿದೆ ಎಂದು ಕೇಳಬೇಕಾಗಿರಲಿಲ್ಲ.

ಅಜ್ಜಿ ಮನೆಯನ್ನೆಲ್ಲ ಸುತ್ತಿ ಒಂದೊಂದು ಮೂಲೆಯನ್ನೂ ಬೆರಳಿನಿಂದ ಒತ್ತಿ ನೋಡಿದರು. "ಚೆನ್ನಾಗಿದೆ. ಮಕ್ಕಳಿಗೆ ಹಾಸಿಗೆ ಹಾಕೋದು ನೋಡಿದೀನಿ, ಮನೆಗೇ ಹಾಸಿಗೆ ಹೊದಿಸಿದ್ದನ್ನ ಈಗ್ಲೇ ನೋಡಿದ್ದು" ಎಂದರು. ಪೆಟ್ಟಿಗೆಯನ್ನು ಮಂಚದ ಪಕ್ಕ ಇಡಿಸಿದರು. ನಾಲ್ಕೂ ಮೂಲೆಗೆ ತಗಡಿನ ಪಟ್ಟಿ ಬಡಿದ ಹಳೆಯ ಪೆಟ್ಟಿಗೆ. ಇಡೀ ಮನೆಯಲ್ಲಿ ಗಟ್ಟಿಯಾಗಿ ಉಳಿದ ಒಂದೇ ಒಂದು ವಸ್ತು ಅದು. ಸ್ಪಂಜಣ್ಣನ ಕಣ್ಣು ಅದರ ಮೇಲೇ ನೆಟ್ಟಿತ್ತು.

"ಅತ್ತೆ, ಅದಕ್ಕೊಂದು ಅರ್ಧ ಗಂಟೆ ಕೆಲಸ ಅಷ್ಟೆ. ತೆಳ್ಳಗೆ ಒಂದು ಪದರ ಹಾಕ್ಕೊಡ್ಲಾ?"

"ನನ್ನ ಪೆಟ್ಟಿಗೇಗೆ ಸೂಜಿ ಮುಟ್ಟಿಸ್ಬೇಡಿ ಅಳಿಯಂದ್ರೆ. ನೀವು ಹೋಗಿ ನಿಮ್ಮ ಕೆಲ್ಸ ನೋಡಿ. ಮಕ್ಕಳನ್ನ ನಾನು ನೋಡ್ಕೊಳ್ತೀನಿ. ಐದು ಮಕ್ಕಳನ್ನ ಸಾಕಿದವಳಿಗೆ ಎರಡು ಯಾವ ಲೆಕ್ಕ?"

ಅಂಗಡಿಯಲ್ಲಿ ಒಬ್ಬ ಡ್ರೈವರ್ ಸೀಟಿಗಾಗಿ ಕಾಯುತ್ತಿದ್ದ. ಸ್ಪಂಜಣ್ಣ ಮನಸ್ಸಿಲ್ಲದ ಮನಸ್ಸಿನಿಂದ ಹೋದ. ಹೋಗುವ ಮುಂಚೆ ಅತ್ತೆಗೆ ಕೂರಲು ತನ್ನ ಅಂಗಡಿಯ ಅತಿ ಒಳ್ಳೆಯ ಕುರ್ಚಿಯನ್ನು ತಂದು ಹಾಕಿದ. ಮೂರು ಪದರದ ಸ್ಪಂಜು, ತಲೆಗೂ ತೋಳಿಗೂ ದಿಂಬು. ಮರ್ಯಾದೆಗೆಂದು ಹಾಕಿದ್ದು. ಬೆಳಗಿನ ಜಾವ ಎದ್ದು ಬಸ್ಸು ಹತ್ತಿ ಬಂದ ಮುದುಕಿಯನ್ನು ಅಂಥ ಕುರ್ಚಿಯಲ್ಲಿ ಕೂರಿಸಿದರೆ ಏನಾಗುತ್ತದೆ ಎಂದು ಅವನಿಗಲ್ಲದೆ ಇನ್ನಾರಿಗೆ ಗೊತ್ತಿರಬೇಕಿತ್ತು?

ಮೂರು ಗಂಟೆಗೆ ಅಜ್ಜಿ ಬರಿಗಾಲಿನಲ್ಲಿ ಬೀದಿ ದಾಟಿ ಓಡಿ ಬಂದರು. ಕಂಕುಳಲ್ಲಿ ಬುಗುರಿ, ಹಣೆಯಿಂದ ಸುರಿಯುತ್ತಿದ್ದ ರಕ್ತ ಇಬ್ಬರ ಮೈಯನ್ನೂ ನೆನೆಸಿತ್ತು. ಹಿಂದೆ ರೇಡಿಯೋ ಅಳುತ್ತಲೇ ವರದಿ ಒಪ್ಪಿಸುತ್ತ ಬಂದಳು. ಬುಗುರಿ ಹೊಸದಾಗಿ ಬಂದ ಪೆಟ್ಟಿಗೆ ನೋಡಿದ, ಅದಕ್ಕೆ ಮೂಲೆ ಇದ್ದದ್ದನ್ನು ನೋಡಿದ, ಟಗರು ಎಂದು ಕೂಗಿ ಓಡಿದ. ಅಷ್ಟೇ. ಅವನು ಕಂಡ ಲೋಕದಲ್ಲಿ ಮೂಲೆ ಎಂದರೆ ಮೆತ್ತಗೆ, ಅದು ಅವನ ತಪ್ಪಲ್ಲ.

ಹಣೆಯ ಗಾಯಕ್ಕೆ ರಕ್ತ ಜಾಸ್ತಿ, ಆಳ ಕಡಿಮೆ. ಹಾಗೆಂದು ಹೇಳಿದರೆ ಅಜ್ಜಿಯ ಕಿವಿಗೆ ಬೀಳಲಿಲ್ಲ. ಬೆಂಚಿನ ಮೇಲೆ ಕುಸಿದು ಕೂತರು. ಫೋನಿನಲ್ಲಿ ಅಷ್ಟು ಗುಡುಗುತ್ತಿದ್ದ ಹೆಂಗಸು ಸೆರಗಿನಿಂದ ತಮ್ಮ ಕೈಯ ರಕ್ತವನ್ನು ಒರೆಸುತ್ತಲೇ ಇದ್ದರು.

"ಕಣ್ಣು ಮುಚ್ಚಿದ್ದು ಒಂದೇ ನಿಮಿಷ ಕಣಮ್ಮ. ಒಂದೇ ನಿಮಿಷ. ನನ್ನ ಮಗಳಿಗೆ ಏನು ಹೇಳ್ಲಿ?"

ಅಷ್ಟರಲ್ಲಿ ಸ್ಪಂಜಣ್ಣ ಓಡಿ ಬಂದ. ಮೊದಲು ಮಗನನ್ನು ನೋಡಿದ, ಆಮೇಲೆ ಅತ್ತೆಯನ್ನು. ನನ್ನ ಮನಸ್ಸಿನ ಕೆಟ್ಟತನ ಮುಚ್ಚಿಡುವುದೇಕೆ, ಈಗ ಸಿಕ್ಕಿಬಿದ್ದಳು ಮುದುಕಿ ಎಂದು ನಾನು ಖುಷಿಪಟ್ಟೆ. ಅತ್ತೆಗೊಂದು ಕಾಲ ಆದರೆ ಅಳಿಯನಿಗೂ ಒಂದು ಕಾಲ ಬಂತು, ಇನ್ನು ಎರಡು ವರ್ಷ ಅವನ ತಂಟೆಗೆ ಯಾರೂ ಬರುವ ಹಾಗಿಲ್ಲ. ನಾನಾಗಿದ್ದರೆ ಅಲ್ಲೇ ನಾಲ್ಕು ಮಾತು ಆಡಿಬಿಡುತ್ತಿದ್ದೆ.

ಅವನು ಸೀದಾ ಹೋಗಿ ಮಗನ ಎರಡೂ ಕಾಲು ಹಿಡಿದು ನಿಂತ. ಡಾಕ್ಟರು ಸೂಜಿ ಎತ್ತಿದಾಗ ನಾನು ಒಂದು ಕಣ್ಣು ಗಾಯದ ಮೇಲೆ, ಒಂದು ಕಣ್ಣು ಅವನ ಮೇಲೆ ಇಟ್ಟಿದ್ದೆ. ಈ ಸಲ ಬೀಳಲಿಲ್ಲ. ಬೆವರು ಧಾರಾಕಾರ ಸುರಿಯುತ್ತಿದ್ದರೂ ಕಣ್ಣು ಕೀಳದೆ ನೋಡಿ, ಎರಡನೇ ಹೊಲಿಗೆಗೆ, "ಡಾಕ್ಟ್ರೇ, ಅದು ಒಂಚೂರು ಓರೆ ಆಯ್ತು" ಎಂದ.

"ಬೇಕಾದ್ರೆ ನೀನೇ ಹಾಕು ಬಾ" ಎಂದರು ಡಾಕ್ಟರು. ಒಟ್ಟು ಮೂರು ಹೊಲಿಗೆ. ಎಲ್ಲ ಮುಗಿದ ಮೇಲೆ ಅವನು ಮನೆಗೆ ಓಡಿಹೋಗಿ ಅತ್ತೆಯ ಚಪ್ಪಲಿ ತಂದು ಕಾಲ ಬಳಿ ಇಟ್ಟ.

ತಲೆಗೆ ಪೆಟ್ಟು ಬಿದ್ದ ಮಗುವಿಗೆ ವಾಂತಿ ಏನಾದರೂ ಆಯಿತೇ ಎಂದು ನೋಡಲು ನಾಲ್ಕು ಗಂಟೆಗೆ ನಾನು ಅವರ ಮನೆಗೆ ಹೋದೆ. ವಾಂತಿ ಎಲ್ಲಿಂದ ಬಂತು, ಬುಗುರಿ ಅಪ್ಪನ ತೊಡೆಯ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಿದ್ದ. ಅಜ್ಜಿ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದರು, ಆ ಕುರ್ಚಿಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಕಂಡಕ್ಟರಮ್ಮ ಬಂದರು. ಟಿಕೆಟ್ಟಿನ ಚೀಲ ಇನ್ನೂ ಹೆಗಲಲ್ಲೇ ಇತ್ತು. ಮಗನ ಹಣೆಯ ಪಟ್ಟಿ ನೋಡಿ ಬಾಗಿಲಲ್ಲೇ ನಿಂತುಬಿಟ್ಟರು.

"ಎಷ್ಟು?"

"ಮೂರು" ಎಂದ ಸ್ಪಂಜಣ್ಣ.

"ಯಾರು ನೋಡ್ಕೊಳ್ತಿದ್ರಿ?"

ಅಜ್ಜಿ ಬಾಯಿ ತೆರೆದರು. ಸ್ಪಂಜಣ್ಣ ಒಮ್ಮೆ ಅತ್ತೆಯ ಕಡೆ ನೋಡಿದ. ಆ ಖಾಲಿ ಪೆಟ್ಟಿಗೆಯ ಕಡೆಯೂ ನೋಡಿದ, ನಾನು ಕಂಡಿದ್ದೇನೆ.

"ನಾನೇ ಇದ್ದೆ ಕಣೇ. ಸೀಟು ಅರ್ಜೆಂಟಿತ್ತು, ಗಮನ ತಪ್ಪಿಬಿಡ್ತು."

ಅಯ್ಯೋ ಪೆದ್ದೇ ಎಂದು ನಾನು ಹಲ್ಲು ಕಚ್ಚಿಕೊಂಡೆ. ಆದರೆ ಅವನು ಒಬ್ಬರನ್ನು ಮರೆತಿದ್ದ.

"ಸುಳ್ಳು!" ಎಂದಳು ರೇಡಿಯೋ. "ಅಪ್ಪ ಅಂಗಡೀಲಿದ್ರು. ಅಜ್ಜಿ ಕುರ್ಚೀಲಿ ಗೊರಕೆ ಹೊಡೀತಿದ್ರು. ನಾನು ಎಣಿಸ್ತಾ ಇದ್ದೆ. ಅಪ್ಪ ಯಾಕೆ ಸುಳ್ಳು ಹೇಳ್ತಾರೆ?"

ಕಂಡಕ್ಟರಮ್ಮ ಗಂಡನನ್ನು ನೋಡಿದರು, ಅಮ್ಮನನ್ನು ನೋಡಿದರು. ಅಜ್ಜಿ ನಿಧಾನವಾಗಿ ಗೋಡೆ ಹಿಡಿದು ಎದ್ದು ನಿಂತರು.

"ಮಗು ಹೇಳಿದ್ದೇ ನಿಜ. ನಿದ್ದೆ ಬಂದ್ಬಿಡ್ತು ಕಣೇ. ನಿಂಗೆ ಎರಡು ವರ್ಷ ಇದ್ದಾಗ ನೀನು ಮೆಟ್ಟಿಲಿಂದ ಬಿದ್ದೆ, ಆವತ್ತೂ ನಂಗೆ ಹಿಂಗೇ ನಿದ್ದೆ ಬಂದಿತ್ತು. ಹಿಂದಿನ ರಾತ್ರಿಯೆಲ್ಲ ನಿಂಗೆ ಜ್ವರ, ನಾನು ಕಣ್ಣು ಮುಚ್ಚಿರ್ಲಿಲ್ಲ. ಯಾರು ನೋಡ್ಕೊಳ್ತಿದ್ರು ಅಂತ ನಮ್ಮತ್ತೆ ಕೇಳಿದ್ರು. ಮನೆ ತುಂಬ ಜನ ಇದ್ರು, ಎಲ್ಲರೂ ನನ್ನ ಕಡೆ ಬೆರಳು ತೋರಿಸಿದ್ರು. ನಿಮ್ಮಪ್ಪನೂ ತೋರಿಸಿದ್ರು. ಆಮೇಲೆ ಆರು ತಿಂಗಳು ನಿನ್ನನ್ನ ನನ್ನ ಕೈಗೆ ಕೊಡ್ಲಿಲ್ಲ. ಪಕ್ಕದ ಕೋಣೇಲಿ ನೀನು ಅಳೋದು ಕೇಳಿಸೋದು, ನಾನು ಎದ್ದು ಹೋಗೋ ಹಾಗಿರ್ಲಿಲ್ಲ."

ಕಂಡಕ್ಟರಮ್ಮ ಚೀಲವನ್ನು ಹೆಗಲಿಂದ ಇಳಿಸುವುದನ್ನೂ ಮರೆತು ಹೋಗಿ ಅಮ್ಮನ ಕೈ ಹಿಡಿದುಕೊಂಡರು.

"ಇವತ್ತು ನಿನ್ನ ಗಂಡ ನಾನೇ ಇದ್ದೆ ಅಂದ್ರು. ಅವತ್ತು ನಂಗೆ ಹಂಗೆ ಅನ್ನೋರು ಒಬ್ರೂ ಇರ್ಲಿಲ್ಲ" ಎಂದರು ಅಜ್ಜಿ. "ಮಕ್ಕಳು ಎಲ್ಲಿಗೂ ಬರಲ್ಲ. ಇಲ್ಲೇ ಇರ್ಲಿ. ಅವರಪ್ಪನ ಹತ್ರವೇ ಬೀಳ್ಲಿ, ಏಳ್ಲಿ."

ಸ್ಪಂಜಣ್ಣ ಮಗನನ್ನು ಎದೆಗೆ ಅವಚಿಕೊಂಡು ಎಲ್ಲರೆದುರಿಗೇ ಗೊಳೋ ಎಂದು ಅತ್ತುಬಿಟ್ಟ. ಬುಗುರಿ ಬಿಸ್ಕತ್ತು ಪಕ್ಕಕ್ಕಿಟ್ಟು, ಅಪ್ಪನ ಹಣೆ ನೋಡಿದ, ಕೈ ನೋಡಿದ, ಪ್ಯಾಂಟು ಮೇಲಕ್ಕೆ ಸರಿಸಿ ಎರಡೂ ಮೊಣಕಾಲು ನೋಡಿದ. ಎಲ್ಲೂ ಏನೂ ಕಾಣಲಿಲ್ಲ.

"ಅಪ್ಪಾ, ಎಲ್ಲಿ ಪೆಟ್ಟಾಯ್ತು? ತೋರ್ಸು, ಊದ್ತೀನಿ" ಎಂದ.